ಅಡುಗೆಮನೆ ಕಟ್ಟೆಯ ಕಲ್ಲಿಗೂ ತುಪ್ಪದ ಡಬ್ಬಿಗೂ ಏನು ನಂಟು?

ಪ್ರಶ್ನೆ: ಸರ್, ನಮಸ್ಕಾರ. ಈಚೆಗೆ ಮನೆ ಕಟ್ಟಿಸಿದೆವು. ಅಡುಗೆಮನೆ ಕಟ್ಟೆಗೆ ಕಪ್ಪು ಗ್ರಾನೈಟ್, ಮೆಟ್ಟಿಲಿಗೆ ಕೆಂಪು ಗ್ರಾನೈಟ್ ಹಾಕಿಸಿದ್ದೇವೆ. ಕೆಂಪಿನಲ್ಲಿ ಹುಣಸೆ ಬೀಜಕ್ಕಿಂತ ದಪ್ಪ ಹರಳುಗಳಿವೆ. ಕಪ್ಪಿನಲ್ಲಿ ಹರಳು ಕಣ್ಣಿಗೆ ಕಾಣೋದೇ ಕಷ್ಟ. ನನ್ನ ತವರು ವಿಜಯಪುರದ ಹತ್ತಿರ. ಅಲ್ಲಿನ ಹೊಲದ ಕರಿಕಲ್ಲಿನಲ್ಲಿ ಹರಳೇ ಇಲ್ಲ, ಬರೀ ತೂತು. ಕೆಲವು ತೂತಿನಲ್ಲಿ ಬಿಳಿ ಕಾಳು ಸಿಕ್ಕಿಕೊಂಡಿರುತ್ತದೆ. ಮೂರೂ ‘ಅಗ್ನಿಶಿಲೆ’ ಅಂತ ಮಗಳ ಪಾಠದಲ್ಲಿದೆ. ಬೆಂಕಿಯಿಂದಲೇ ಹುಟ್ಟಿದ್ದರೆ ಮೂರೂ ಮೂರು ಥರ ಯಾಕೆ? ಇನ್ನೊಂದು ಮಾತು. ದಪ್ಪ ಹರಳಿನ ಕಲ್ಲು ಬೇಗ ಹಾಳಾಗುತ್ತದೆ ಅಂತ ನಮ್ಮನೆಯವರು ಹೇಳುತ್ತಾರೆ. ನಿಜಾನಾ?

ಉತ್ತರ: ಓದೋಕೆ ಮುಂಚೆ ಒಂದು ಕೆಲಸ ಮಾಡಿ. ಮಗಳನ್ನೂ ಕೂರಿಸಿಕೊಳ್ಳಿ. ಒಂದಿಷ್ಟು ತುಪ್ಪ ಚೆನ್ನಾಗಿ ಕಾಯಿಸಿ, ಮೂರು ಸ್ಟೀಲ್ ಬಟ್ಟಲಿಗೆ ಸುರಿಯಿರಿ. ಒಂದನ್ನು ತಕ್ಷಣ ಐಸ್ ನೀರಿನಲ್ಲಿಡಿ. ಉಳಿದ ಎರಡನ್ನು ದಪ್ಪ ಟವೆಲ್‌ನಲ್ಲಿ ಸುತ್ತಿ ಒಂದು ಮೂಲೆಯಲ್ಲಿ ಬಿಟ್ಟುಬಿಡಿ. ಅಲುಗಿಸಬೇಡಿ.

ಐಸ್ ನೀರಿನ ತುಪ್ಪ ಬೆಣ್ಣೆಯ ಹಾಗೆ ನುಣ್ಣಗೆ ಹೆಪ್ಪುಗಟ್ಟುತ್ತದೆ. ಬೆರಳಲ್ಲಿ ಉಜ್ಜಿದರೆ ಕಣವೇ ಸಿಗುವುದಿಲ್ಲ. ಟವೆಲ್ ಒಳಗಿನದು ಮಾರನೆಯ ದಿನ ಮರಳು ಮರಳಾಗಿರುತ್ತದೆ. ಒಳ್ಳೆಯ ತುಪ್ಪ ಅಂದರೆ ಹೀಗಿರಬೇಕು ಅಂತ ನಮ್ಮ ಅಜ್ಜಿಯರು ಹೇಳುತ್ತಿದ್ದರಲ್ಲ, ಅದೇ ಹದ. ತುಪ್ಪ ಒಂದೇ, ಡಬ್ಬಿ ಒಂದೇ. ಆರಿದ ರೀತಿ ಮಾತ್ರ ಬೇರೆ.

ಒಳಗೆ ಏನಾಗುತ್ತದೆ ನೋಡಿ. ಯಾವುದೇ ಕರಗಿದ ವಸ್ತು ಗಟ್ಟಿಯಾಗುವಾಗ ಮೊದಲು ಅಲ್ಲಲ್ಲಿ ಬೀಜದಂಥ ಪುಟ್ಟ ಹರಳು ಹುಟ್ಟುತ್ತದೆ. ಆಮೇಲೆ ಸುತ್ತಲಿನ ದ್ರವವನ್ನು ತಿಂದು ಅದು ಬೆಳೆಯುತ್ತದೆ. ನಿಧಾನವಾಗಿ ಆರಿದರೆ ಬೀಜಗಳು ಕಡಿಮೆ, ಬೆಳೆಯೋಕೆ ಸಮಯ ಜಾಸ್ತಿ. ಹಾಗಾಗಿ ಹರಳು ದಪ್ಪ. ದಿಢೀರನೆ ಆರಿದರೆ ಒಂದೇ ಸಲಕ್ಕೆ ಲಕ್ಷಾಂತರ ಬೀಜ ಹುಟ್ಟಿ, ಯಾವುದಕ್ಕೂ ಜಾಗ ಸಿಗುವುದಿಲ್ಲ. ರಾಗಿ ಒತ್ತೊತ್ತಾಗಿ ಬಿತ್ತಿದರೆ ತೆನೆ ಸೊರಗುತ್ತದಲ್ಲ, ಹಾಗೆ. ಇನ್ನೂ ಜೋರಾಗಿ ಆರಿಸಿದರೆ ಬೀಜ ಹುಟ್ಟೋಕೂ ಪುರುಸೊತ್ತಿಲ್ಲ. ದ್ರವ ಗಟ್ಟಿಯಾಗುತ್ತಾ ಹೋಗಿ ಇದ್ದಲ್ಲೇ ನಿಂತುಬಿಡುತ್ತದೆ. ಅದೇ ಗಾಜು. ಜ್ವಾಲಾಮುಖಿಯ ಗಾಜಿಗೆ ಅಬ್ಸಿಡಿಯನ್ ಅಂತ ಹೆಸರು.

ಇದನ್ನು ಕಲ್ಲಿನಲ್ಲೇ ಮಾಡಿ ತೋರಿಸಿದವರು ಸ್ಕಾಟ್ಲೆಂಡಿನ ಸರ್ ಜೇಮ್ಸ್ ಹಾಲ್. ಆಗ ಯುರೋಪಿನಲ್ಲಿ ದೊಡ್ಡ ಜಗಳ ನಡೆದಿತ್ತು. ಗ್ರಾನೈಟ್, ಬಸಾಲ್ಟ್ ಅನ್ನುವ ಕರಿಕಲ್ಲು ಎಲ್ಲ ಹಳೆಯ ಸಮುದ್ರದ ನೀರಿನಿಂದ ಇಳಿದು ಕೂತ ಕಲ್ಲು ಅಂತ ಒಂದು ಗುಂಪು. ಅಲ್ಲ, ಕರಗಿದ್ದು ಆರಿ ಆದದ್ದು ಅಂತ ಭೂವಿಜ್ಞಾನಿ ಜೇಮ್ಸ್ ಹಟನ್ ಮತ್ತವರ ಗೆಳೆಯರು. ವಿರೋಧಿಗಳ ಪ್ರಶ್ನೆ ಸರಿಯಾಗಿಯೇ ಇತ್ತು: ಕಲ್ಲು ಕರಗಿಸಿದರೆ ಗಾಜು ಬರುತ್ತದೆ, ಹರಳಿನ ಕಲ್ಲು ಎಲ್ಲಿಂದ ಬರಬೇಕು? ಗಾಜಿನ ಕಾರ್ಖಾನೆಯೊಂದರಲ್ಲಿ ಅಕಸ್ಮಾತ್ ನಿಧಾನವಾಗಿ ಆರಿದ ಗಾಜು ಕಲ್ಲಿನಂತಾಗಿದ್ದು ಹಾಲ್ ಅವರ ಕಿವಿಗೆ ಬಿತ್ತು. ಎಡಿನ್‌ಬರಾ ಸುತ್ತಲಿನ ಕರಿಕಲ್ಲನ್ನು ಕುಲುಮೆಯಲ್ಲಿ ಕರಗಿಸಿದರು. ಬೇಗ ಆರಿಸಿದಾಗ ಗಾಜಾಯಿತು. ಅದೇ ಗಾಜನ್ನು ಮತ್ತೆ ಕರಗಿಸಿ ನಿಧಾನವಾಗಿ ಆರಿಸಿದಾಗ ಕಲ್ಲಾಯಿತು. ಇದನ್ನು ಅವರು 1798ರಲ್ಲಿ ಜನರ ಮುಂದಿಟ್ಟರು. ಅಷ್ಟು ಹೊತ್ತಿಗೆ ಹಟನ್ ತೀರಿಕೊಂಡು ಒಂದು ವರ್ಷವಾಗಿತ್ತು. ಸಣ್ಣ ಮೂಸೆಯೊಳಗೆ ನೋಡಿ ಭೂಮಿಯ ಕೆಲಸ ಅಳೆಯೋಕಾಗುತ್ತಾ ಅಂತ ಹಟನ್‌ಗೆ ಇಂಥ ಪ್ರಯೋಗಗಳ ಬಗ್ಗೆ ತಾತ್ಸಾರವಿತ್ತು. ಹಿರಿಯರ ಮನಸ್ಸು ನೋಯಿಸೋದು ಬೇಡ ಅಂತ ಹಾಲ್ ಅಷ್ಟು ದಿನ ಸುಮ್ಮನಿದ್ದರು. ಹಟನ್ ಮಾತನ್ನೇ ಗೆಲ್ಲಿಸುವ ಪ್ರಯೋಗವನ್ನು ಹಟನ್ ಅವರೇ ನೋಡಲಿಲ್ಲ.

ಈಗ ನಿಮ್ಮ ಮಗಳ ಪುಸ್ತಕದ ಬಗ್ಗೆ ಒಂದು ತಕರಾರು. ‘ಅಗ್ನಿ’ ಅನ್ನುವ ಪದ ದಾರಿ ತಪ್ಪಿಸುತ್ತದೆ. ಇಲ್ಲಿ ಬೆಂಕಿಯೇನೂ ಉರಿಯುವುದಿಲ್ಲ. ನಮ್ಮಲ್ಲಿ ‘ಶಿಲಾಪಾಕ’ ಅಂತ ಇನ್ನೊಂದು ಪದವಿದೆ, ನನಗೆ ಅದೇ ಇಷ್ಟ. ನೆಲದೊಳಗೆ ಕರಗಿದ ಕಲ್ಲಿಗೆ ಶಿಲಾಪಾಕ ಅಂತಾರೆ, ಹೊರಗೆ ಬಂದರೆ ಲಾವಾ. ಭೂಮಿಯ ಹೊಟ್ಟೆಯಲ್ಲೆಲ್ಲ ಲಾವಾ ಕುದಿಯುತ್ತಿದೆ ಅನ್ನೋದೂ ತಪ್ಪು. ನಮ್ಮ ಕಾಲ ಕೆಳಗಿನ ಸುಮಾರು 2900 ಕಿಲೋಮೀಟರ್ ಹೆಚ್ಚುಕಡಿಮೆ ಪೂರ್ತಿ ಗಟ್ಟಿ ಕಲ್ಲೇ. ವಿಪರೀತ ಬಿಸಿ ಇದೆ, ಆದರೂ ಕರಗಿಲ್ಲ, ಯಾಕೆಂದರೆ ಮೇಲಿನ ಭಾರ ಅದನ್ನು ಅದುಮಿಟ್ಟಿದೆ. ಕುಕ್ಕರ್‌ನಲ್ಲಿ ಒತ್ತಡ ಇರುವಾಗ ನೀರು 100 ಡಿಗ್ರಿ ದಾಟಿದರೂ ಕುದಿದು ಹಾರಿಹೋಗುವುದಿಲ್ಲ, ಒತ್ತಡ ಇಳಿಸಿದರೆ ಭುಸ್ ಅನ್ನುತ್ತದೆ. ಹಾಗೆಯೇ ಬಿಸಿ ಕಲ್ಲು ಆಳದಿಂದ ಮೇಲೆ ಬಂದಾಗ ಒತ್ತಡ ಕಡಿಮೆಯಾಗಿ ಒಂದು ಪಾಲು ಕರಗುತ್ತದೆ. ಇದು ಒಂದು ದಾರಿ. ಆಳದ ಕಲ್ಲಿಗೆ ನೀರು ಸೇರಿದರೆ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಅಂಡಮಾನಿನ ಬ್ಯಾರನ್ ದ್ವೀಪದ ಜ್ವಾಲಾಮುಖಿಯ ಹಿಂದಿರುವುದು ಇದು. ಮೂರನೆಯದು, ಕೆಳಗಿನಿಂದ ಬಂದ ಬಿಸಿ ಪಾಕ ಮೇಲಿನ ಹಳೆಯ ಕಲ್ಲನ್ನೇ ಕರಗಿಸುವುದು. ಗ್ರಾನೈಟಿನ ಪಾಕದಲ್ಲಿ ಇದರ ಪಾಲು ದೊಡ್ಡದು.

ನಿಮ್ಮ ಕಪ್ಪು ಕಟ್ಟೆಗೆ ಬರೋಣ. ಬೇಜಾರಾಗಬೇಡಿ, ಅದು ಬಹುಶಃ ಗ್ರಾನೈಟೇ ಅಲ್ಲ. ಪಾಲಿಶ್ ಹಿಡಿಯುವ ಗಟ್ಟಿ ಕಲ್ಲಿಗೆಲ್ಲ ಅಂಗಡಿಯವರು ಗ್ರಾನೈಟ್ ಅಂತಾರೆ. ಮೋಸವೇನಲ್ಲ, ವ್ಯಾಪಾರದ ಭಾಷೆ ಅಷ್ಟೇ. ಚಾಮರಾಜನಗರದ ಕಡೆಯ ಹೆಸರಾಂತ ಕಪ್ಪು ಕಲ್ಲು ನಮ್ಮ ಭೂವಿಜ್ಞಾನದ ಭಾಷೆಯಲ್ಲಿ ಡಾಲರೈಟ್. ನೆಲದ ಸೀಳುಗಳಿಗೆ ನುಗ್ಗಿದ ಪಾಕ ಅಲ್ಲೇ ಆರಿ ನಿಂತ ಗೋಡೆಯಂಥ ಕಲ್ಲು. ಇಂಥ ಗೋಡೆಗೆ ಡೈಕ್ ಅಂತಾರೆ. ದಕ್ಷಿಣ ಕರ್ನಾಟಕದ ನೆಲದಲ್ಲಿ ಇವು ನೂರಾರಿವೆ. ಬೆಂಗಳೂರು ಸುತ್ತಲಿನ ಒಂದು ದೊಡ್ಡ ಗುಂಪಿಗೆ ಸುಮಾರು 237 ಕೋಟಿ ವರ್ಷ ವಯಸ್ಸು.

ಕಾಲೇಜಿನ ಮಕ್ಕಳನ್ನು ಕರೆದುಕೊಂಡು ಹೋದಾಗ ನಾನು ಮೊದಲು ತೋರಿಸುವುದು ಡೈಕ್‌ನ ಅಂಚು. ಬೂದು ಬಣ್ಣದ ಹಳೆಯ ಬಂಡೆ, ಅದಕ್ಕೆ ಅಂಟಿಕೊಂಡಂತೆ ಕರಿಕಲ್ಲು. ಅಂಚಿಗೆ ಲೆನ್ಸ್ ಹಿಡಿದರೂ ಹರಳು ಕಾಣುವುದಿಲ್ಲ, ಮಸಿ ಬಳಿದ ಹಲಗೆಯ ಹಾಗಿರುತ್ತದೆ. ತಣ್ಣನೆಯ ಬಂಡೆಗೆ ತಾಗಿದ ಪಾಕ ಅಲ್ಲೇ ಬೆಚ್ಚಿ ನಿಂತಿದೆ. ಒಂದು ಹೆಜ್ಜೆ ಒಳಗೆ ಬನ್ನಿ, ಬಿಸಿಲಲ್ಲಿ ಅಲ್ಲೊಂದು ಇಲ್ಲೊಂದು ಮಿನುಗು. ಇನ್ನೂ ನಾಲ್ಕು ಹೆಜ್ಜೆ, ಬರಿಗಣ್ಣಿಗೇ ಸಣ್ಣ ಸಣ್ಣ ಬೂದು ಕಡ್ಡಿಗಳು ಕಾಣುತ್ತವೆ. ಅವು ಪ್ಲೇಜಿಯೋಕ್ಲೇಸ್, ಫೆಲ್ಡ್‌ಸ್ಪಾರ್ ಜಾತಿಯ ಖನಿಜ. ಕಡ್ಡಿಗಳ ಸಂದಿಯಲ್ಲಿ ತುಂಬಿಕೊಂಡ ಕಪ್ಪು ಖನಿಜ ಪೈರಾಕ್ಸೀನ್. ಐದೇ ಹೆಜ್ಜೆಯಲ್ಲಿ ತುಪ್ಪದ ಎರಡು ಬಟ್ಟಲೂ ಸಿಕ್ಕಿದವು ಅಲ್ವಾ? ನಿಮ್ಮ ಕಟ್ಟೆಯ ಮೇಲೆ ಸ್ವಲ್ಪ ನೀರು ಸವರಿ, ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಈ ಕಡ್ಡಿಗಳ ಹೆಣಿಗೆ ಕಾಣಬಹುದು.

ದಪ್ಪಕ್ಕೂ ಸಮಯಕ್ಕೂ ಒಂದು ಲೆಕ್ಕವಿದೆ. ದಪ್ಪ ಹತ್ತು ಪಟ್ಟಾದರೆ ಆರೋಕೆ ಹತ್ತಲ್ಲ, ನೂರು ಪಟ್ಟು ಸಮಯ ಬೇಕು. ಒಂದು ಮೀಟರ್ ದಪ್ಪದ ಪಾಕ ಕೆಲವು ದಿನಗಳಲ್ಲಿ ಗಟ್ಟಿಯಾದರೆ ನೂರು ಮೀಟರಿನದಕ್ಕೆ ಹತ್ತಾರು ವರ್ಷ. ಇದು ಬರೀ ಕಾಗದದ ಲೆಕ್ಕವಲ್ಲ. 1959ರಲ್ಲಿ ಹವಾಯಿಯ ಕಿಲಾವೆಯಾ ಇಕಿ ಕುಳಿಯಲ್ಲಿ ನೂರು ಮೀಟರಿಗೂ ಆಳದ ಲಾವಾದ ಕೆರೆಯೇ ನಿಂತಿತು. ಮೇಲೆ ಕೆನೆ ಕಟ್ಟಿದ ಮೇಲೆ ಭೂವಿಜ್ಞಾನಿಗಳು ಅದರ ಮೇಲೆ ನಡೆದು, ಮತ್ತೆ ಮತ್ತೆ ಬೋರ್ ಕೊರೆದು, ಒಳಗಿನ ಪಾಕ ಎಷ್ಟು ಉಳಿದಿದೆ ಅಂತ ನೋಡುತ್ತಾ ಬಂದರು. ಪೂರ್ತಿ ಗಟ್ಟಿಯಾಗೋಕೆ 30 ವರ್ಷಕ್ಕೂ ಹೆಚ್ಚು ಹಿಡಿಯಿತು. ಹಾಗಿದ್ದರೆ ನೆಲದೊಳಗೆ ಕಿಲೋಮೀಟರುಗಟ್ಟಲೆ ದಪ್ಪವಾಗಿ ಕೂತ ಪಾಕದ ಗತಿ? ಸಾವಿರಾರು ವರ್ಷ, ದೊಡ್ಡದಾದರೆ ಲಕ್ಷಾಂತರ ವರ್ಷ.

ನಿಮ್ಮ ಮೆಟ್ಟಿಲಿನ ಕೆಂಪು ಕಲ್ಲು ಅಂಥದ್ದು. ಯಾವ ಕ್ವಾರಿಯದು ಅಂತ ಫೋಟೋ ಇಲ್ಲದೆ ಹೇಳಲಾರೆ. ಆದರೆ ಇದರ ಅತಿ ದೊಡ್ಡ ಬಂಧು ನಮ್ಮಲ್ಲೇ ಇದೆ, ಕ್ಲೋಸ್‌ಪೇಟ್ ಗ್ರಾನೈಟ್. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಅಂತ ಹೆಸರಿತ್ತು, ಅದೇ ಕಲ್ಲಿಗೂ ಅಂಟಿತು. ರಾಮನಗರದ ಬೆಟ್ಟಗಳಿಂದ ಹಂಪಿಯ ಕಡೆಯವರೆಗೆ ದಕ್ಷಿಣೋತ್ತರವಾಗಿ ಸುಮಾರು 400 ಕಿಲೋಮೀಟರ್ ಉದ್ದ, 20-25 ಕಿಲೋಮೀಟರ್ ಅಗಲದ ಪಟ್ಟಿ ಇದು. ವಯಸ್ಸು ಸುಮಾರು 250 ಕೋಟಿ ವರ್ಷ. ದಕ್ಷಿಣದ ತುದಿಯಲ್ಲಿ ಈಗ ನಮಗೆ ಕಾಣುವುದು ಒಂದು ಕಾಲಕ್ಕೆ ತುಂಬಾ ಆಳದಲ್ಲಿದ್ದ ಭಾಗ, ಉತ್ತರಕ್ಕೆ ಹೋದ ಹಾಗೆ ಮೇಲಿನ ಭಾಗ. ಕಲ್ಲಿನ ಬೇರು ನೋಡಬೇಕಾದರೆ ದಕ್ಷಿಣಕ್ಕೆ, ತಲೆ ನೋಡಬೇಕಾದರೆ ಉತ್ತರಕ್ಕೆ ಹೋಗಬೇಕು.

ರಾಮನಗರದ ಬಂಡೆಯೊಂದರ ಪಕ್ಕ ನಿಂತು ನೋಡಿ. ಗುಲಾಬಿ ಬಣ್ಣದ, ಉದ್ದನೆಯ ಚೌಕದ ಹರಳುಗಳು, ಕೆಲವು ಹೆಬ್ಬೆರಳಿನಷ್ಟು. ಅವು ಪೊಟ್ಯಾಸಿಯಂ ಇರುವ ಫೆಲ್ಡ್‌ಸ್ಪಾರ್, ನಿಮ್ಮ ಮೆಟ್ಟಿಲಿಗೆ ಬಣ್ಣ ಕೊಟ್ಟಿದ್ದೂ ಅದೇ. ಅವುಗಳ ನಡುವೆ ಬೂದು ಗಾಜಿನಂತೆ ಕಾಣುವುದು ಕ್ವಾರ್ಟ್ಸ್, ಅಂದರೆ ನಮ್ಮ ಬೆಣಚುಕಲ್ಲು. ಕಪ್ಪಗೆ ಪಳಪಳ ಅನ್ನುವುದು ಅಭ್ರಕ, ಮಕ್ಕಳ ಕಾಗೆಬಂಗಾರ. ಕೆಲವು ಕಡೆ ಗುಲಾಬಿ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮಲಗಿರುತ್ತವೆ, ಹೊಳೆಯಲ್ಲಿ ತೇಲಿ ಬಂದ ಕಡ್ಡಿಗಳ ಹಾಗೆ. ಪಾಕ ಇನ್ನೂ ಹರಿಯುತ್ತಿದ್ದಾಗಲೇ ಹರಳು ಬೆಳೆದಿದ್ದವು ಅನ್ನೋದಕ್ಕೆ ಅದು ಗುರುತು.

ಮೂರನೆಯ ಬಟ್ಟಲು ನೆನಪಿದೆಯಾ? ಈಗ ಅದರ ಸರದಿ. ಟವೆಲ್‌ನಲ್ಲಿ ಅರ್ಧಂಬರ್ಧ ಹರಳುಗಟ್ಟಿ, ಮೇಲೆ ಎಣ್ಣೆಯಂತೆ ದ್ರವ ನಿಂತಿರುವ ಹೊತ್ತಿಗೆ ಅದನ್ನು ತೆಗೆದು ಐಸ್ ನೀರಿನಲ್ಲಿಡಿ. ಹಳೆಯ ದಪ್ಪ ಕಣಗಳು ಹಾಗೇ ಉಳಿದು, ಅವುಗಳ ಸುತ್ತ ನುಣ್ಣನೆಯ ತುಪ್ಪ ಕಟ್ಟುತ್ತದೆ. ಎರಡು ಹಂತದಲ್ಲಿ ಆರಿದ ಕಲ್ಲು ಹೀಗೇ ಇರುತ್ತದೆ: ಆಳದಲ್ಲಿ ನಿಧಾನವಾಗಿ ಬೆಳೆದ ಹರಳು, ಮೇಲೆ ಬಂದ ಮೇಲೆ ಬೇಗ ಆರಿದ ನುಣ್ಣನೆಯ ಹಿಟ್ಟು. ಇಂಥ ಮೈಗೆ ಪಾರ್ಫಿರಿ ಅಂತ ಹೆಸರು. ಲಾವಾ ಕಲ್ಲುಗಳಿಗೆ ಈ ವಿವರಣೆ ಚೆನ್ನಾಗಿ ಹೊಂದುತ್ತದೆ.

ಗ್ರಾನೈಟಿಗೆ ಅಷ್ಟು ಸುಲಭವಾಗಿ ಹೊಂದುವುದಿಲ್ಲ. ಪಾಠದ ಪುಸ್ತಕಗಳು ಇಲ್ಲಿ ಸ್ವಲ್ಪ ಕೈ ತೊಳೆದುಕೊಳ್ಳುತ್ತವೆ ಅಂತ ನನ್ನ ದೂರು. ಪ್ರಯೋಗಾಲಯದಲ್ಲಿ ಗ್ರಾನೈಟಿನ ಪಾಕವನ್ನು ಆರಿಸಿ ನೋಡಿದರೆ ಗುಲಾಬಿ ಫೆಲ್ಡ್‌ಸ್ಪಾರ್ ಸಾಮಾನ್ಯವಾಗಿ ಮೊದಲಲ್ಲ, ತಡವಾಗಿ ಹುಟ್ಟುತ್ತದೆ. ತಡವಾಗಿ ಬಂದವನು ಎಲ್ಲರಿಗಿಂತ ದಪ್ಪ ಆಗಿದ್ದು ಹೇಗೆ? ಅದರ ಬೀಜ ಹುಟ್ಟೋದು ಅಪರೂಪ, ಹುಟ್ಟಿದ್ದು ಮಾತ್ರ ಬೇಗ ಬೆಳೆಯುತ್ತದೆ ಅಂತ ಒಂದು ವಾದ. ಪಾಕ ಮತ್ತೆ ಮತ್ತೆ ಬಿಸಿಯಾಗಿ ಆರುವಾಗ ಸಣ್ಣ ಹರಳು ಕರಗಿ ದೊಡ್ಡದಕ್ಕೆ ಸೇರಿಕೊಂಡಿತು ಅಂತ ಇನ್ನೊಂದು. ಈ ಚರ್ಚೆ ಇನ್ನೂ ಮುಗಿದಿಲ್ಲ. ಹಾಗಾಗಿ ‘ದಪ್ಪ ಹರಳು ಅಂದರೆ ಮೊದಲು ಹುಟ್ಟಿದ್ದು’ ಅಂತ ಮಗಳು ಪರೀಕ್ಷೆಯಲ್ಲಿ ಬರೆದರೆ ಅಂಕ ಬರುತ್ತದೆ, ಬರೆಯಲಿ. ಗ್ರಾನೈಟಿನ ಮುಂದೆ ನಿಂತಾಗ ಸ್ವಲ್ಪ ಅನುಮಾನ ಇಟ್ಟುಕೊಳ್ಳಲಿ.

‘ನಿಧಾನ ಅಂದರೆ ದಪ್ಪ’ ಅನ್ನೋದಕ್ಕೂ ಒಂದು ಅಪವಾದವಿದೆ. ಗ್ರಾನೈಟ್ ಗಟ್ಟಿಯಾಗುವ ಕೊನೆಯಲ್ಲಿ ಉಳಿಯುವ ಪಾಕದಲ್ಲಿ ನೀರು ತುಂಬಾ ಇರುತ್ತದೆ. ಆ ಪಾಕ ತೆಳ್ಳಗೆ, ಬೀಜ ಕಡಿಮೆ, ಬೇಕಾದ ಪದಾರ್ಥ ಹರಳಿನ ಬಳಿಗೆ ಬೇಗ ತಲುಪುತ್ತದೆ. ಹಾಗಾಗಿ ಹೆಚ್ಚು ಸಮಯ ಸಿಗದಿದ್ದರೂ ಹರಳು ಆನೆಯಂತೆ ಬೆಳೆಯುತ್ತದೆ. ಅದು ಪೆಗ್ಮಟೈಟ್. ನೆಲ್ಲೂರು, ಕೋಡರ್ಮಾದ ಅಭ್ರಕದ ಗಣಿಗಳೆಲ್ಲ ಇಂಥ ಕಲ್ಲಿನಲ್ಲೇ. ಅಮೆರಿಕದ ಸೌತ್ ಡಕೋಟಾದ ಎಟಾ ಗಣಿಯಲ್ಲಿ 12 ಮೀಟರಿಗೂ ಉದ್ದದ ಒಂದೇ ಹರಳು ಸಿಕ್ಕಿತ್ತು.

ಇನ್ನು ನಿಮ್ಮ ತವರಿನ ಕಲ್ಲು. ವಿಜಯಪುರ, ಕಲಬುರಗಿ, ಬೀದರ್, ಬೆಳಗಾವಿಯ ಕಡೆ ಇರುವುದು ದಖ್ಖನ್ನಿನ ಬಸಾಲ್ಟ್. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲದ ಬಿರುಕುಗಳಿಂದ ಲಾವಾ ಉಕ್ಕಿ, ಹರಿದು, ಆರಿ, ಅದರ ಮೇಲೆ ಮತ್ತೆ ಹರಿದು ಪದರ ಪದರವಾಗಿ ಕೂತಿತು. ಈಗ ಉಳಿದಿರುವುದೇ ಸುಮಾರು 5 ಲಕ್ಷ ಚದರ ಕಿಲೋಮೀಟರ್. ನಿಮ್ಮ ಗೋಳಗುಮ್ಮಟ ಕಟ್ಟಿದ್ದೂ ಈ ಕಲ್ಲಿನಲ್ಲೇ, ಹೊಲದ ಎರೆ ಮಣ್ಣು ಆಗಿದ್ದೂ ಈ ಕಲ್ಲು ಶಿಥಿಲವಾಗಿ ಪುಡಿಯಾಗಿ. ಹೊರಗೆ ಗಾಳಿಯಲ್ಲಿ ಆರಿದ್ದರಿಂದ ಹರಳು ಸಣ್ಣ. ಹರಳೇ ಇಲ್ಲ ಅಂತಲ್ಲ, ತೆಳ್ಳಗೆ ಉಜ್ಜಿ ಮೈಕ್ರೋಸ್ಕೋಪಿನಲ್ಲಿಟ್ಟರೆ ನಿಮ್ಮ ಅಡುಗೆಮನೆ ಕಲ್ಲಿನ ಕಡ್ಡಿಗಳೇ ಪುಟ್ಟದಾಗಿ ಕಾಣುತ್ತವೆ. ಯಾಕೆಂದರೆ ಡಾಲರೈಟ್ ಮತ್ತು ಬಸಾಲ್ಟ್ ಹೆಚ್ಚುಕಡಿಮೆ ಒಂದೇ ಪಾಕ.

ತೂತು ಬಂದಿದ್ದು ಪಾಕದೊಳಗಿನ ಅನಿಲದಿಂದ. ಆಳದಲ್ಲಿ ಒತ್ತಡವಿರುವಾಗ ನೀರಾವಿ, ಇಂಗಾಲದ ಡೈಆಕ್ಸೈಡ್ ಪಾಕದಲ್ಲಿ ಕರಗಿರುತ್ತವೆ. ಮೇಲೆ ಬಂದಾಗ, ಗೋಲಿ ಸೋಡಾದ ಗೋಲಿ ಒತ್ತಿದ ಹಾಗೆ ಗುಳ್ಳೆ ಏಳುತ್ತದೆ. ಗುಳ್ಳೆಗಳು ಮೇಲಕ್ಕೇರಿ ಕೆನೆಯ ಕೆಳಗೆ ಸಿಕ್ಕಿಬೀಳುತ್ತವೆ. ಅದಕ್ಕೇ ಒಂದೊಂದು ಪದರದ ತಲೆಯಲ್ಲಿ ತೂತು ಜಾಸ್ತಿ, ನಡುವೆ ಗಟ್ಟಿ ಕಲ್ಲು. ನಿಮ್ಮ ಕಡೆ ಬಾವಿ ತೋಡುವವರಿಗೆ ಇದು ಅನುಭವದಿಂದಲೇ ಗೊತ್ತಿರುತ್ತದೆ: ಗಟ್ಟಿ ಕರಿಕಲ್ಲು ಒಣಗಿರುತ್ತದೆ, ತೂತಿನ ಶಿಥಿಲ ಪದರ ಬಂದಾಗ ನೀರಿನ ಆಸೆ.

ಬಿಳಿ ಕಾಳು ಆಮೇಲೆ ಬಂದ ನೆಂಟ. ಕಲ್ಲಿನೊಳಗೆ ಹರಿದ ಬಿಸಿ ನೀರು ಖನಿಜವನ್ನು ತಂದು ತೂತಿನಲ್ಲಿ ತುಂಬಿಸಿತು. ಇಂಥ ತುಂಬಿದ ತೂತಿಗೆ ಅಮಿಗ್ಡೇಲ್ ಅಂತಾರೆ, ಗ್ರೀಕಿನಲ್ಲಿ ಬಾದಾಮಿ ಅಂತ ಅರ್ಥ. (ನಿಮ್ಮ ಪಕ್ಕದ ಬಾದಾಮಿ ಊರಿಗೂ ಇದಕ್ಕೂ ಸಂಬಂಧವಿಲ್ಲ, ಆ ಊರಿನದು ಮರಳುಗಲ್ಲು.) ಮುಂದಿನ ಸಲ ಹೋದಾಗ ಒಂದು ಕಾಳು ಬಿಡಿಸಿ ತನ್ನಿ. ಚಾಕುವಿನಿಂದ ಗೀರಲು ಆಗಲೇ ಇಲ್ಲವೆಂದರೆ ಅದು ಬೆಣಚುಕಲ್ಲಿನ ಜಾತಿ. ಗೀರು ಬಿದ್ದರೆ ಸ್ವಲ್ಪ ಪುಡಿ ಮಾಡಿ ನಿಂಬೆ ರಸ ಬಿಡಿ. ಸಣ್ಣಗೆ ನೊರೆ ಎದ್ದರೆ ಕ್ಯಾಲ್ಸೈಟ್. ನೊರೆ ಇಲ್ಲ, ಗರಿಯಂತೆ ಅಥವಾ ಬೀಸಣಿಗೆಯಂತೆ ಎಳೆ ಎಳೆಯಾಗಿದೆ ಅಂದರೆ ಜಿಯೋಲೈಟ್ ಅನ್ನುವ ಖನಿಜ ಇರಬಹುದು. 1756ರಲ್ಲಿ ಸ್ವೀಡನ್ನಿನ ಕ್ರಾನ್‌ಸ್ಟೆಟ್ ಇದನ್ನು ಕಾಯಿಸಿದಾಗ ಒಳಗಿನ ನೀರು ಕುದಿದು ಹೊರಬಂತು, ಅದಕ್ಕೆ ‘ಕುದಿಯುವ ಕಲ್ಲು’ ಅನ್ನುವ ಅರ್ಥದ ಹೆಸರಿಟ್ಟರು.

ಹೀಗಾಗಿ ಕಲ್ಲಿಗೆ ಎರಡು ಪ್ರಶ್ನೆ ಬೇರೆ ಬೇರೆಯಾಗಿ ಕೇಳಬೇಕು. ಪಾಕ ಯಾವುದು ಅನ್ನೋದನ್ನು ಬಣ್ಣ ಹೇಳುತ್ತದೆ. ಬಸಾಲ್ಟಿನಲ್ಲಿ ಸಿಲಿಕಾ (ಬೆಣಚುಕಲ್ಲು ಆಗಿರುವ ಪದಾರ್ಥ) ಸುಮಾರು 50 ಪರ್ಸೆಂಟ್, ಕಬ್ಬಿಣ, ಮೆಗ್ನೀಸಿಯಂ ಜಾಸ್ತಿ, ಹಾಗಾಗಿ ಕಪ್ಪು. ಗ್ರಾನೈಟಿನಲ್ಲಿ ಸಿಲಿಕಾ ಸುಮಾರು 70, ಹಾಗಾಗಿ ತಿಳಿ ಬಣ್ಣ. ಹೇಗೆ ಆರಿತು ಅನ್ನೋದನ್ನು ಹರಳಿನ ಗಾತ್ರ ಹೇಳುತ್ತದೆ. ಒಂದನ್ನು ನೋಡಿ ಇನ್ನೊಂದನ್ನು ಊಹಿಸಿದರೆ ಎಡವುತ್ತೀರಿ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್ ದ್ವೀಪದ ಕಂಬಗಳನ್ನು ನೋಡಿದವರು ಬಸಾಲ್ಟ್ ಅಂದುಬಿಡುತ್ತಾರೆ. ಅದು ಸಿಲಿಕಾ ಹೆಚ್ಚಿರುವ ಬೇರೆ ಪಾಕ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಸುಮಾರಿಗೆ ಉಕ್ಕಿದ್ದು, ದಖ್ಖನ್ನಿಗಿಂತ ಎರಡು ಕೋಟಿ ವರ್ಷ ಹಳೆಯದು. ಲಾಲ್‌ಬಾಗಿನ ಬಂಡೆಯನ್ನೂ ಎಷ್ಟೋ ಜನ ಗ್ರಾನೈಟ್ ಅಂತಾರೆ. ಹತ್ತಿರ ಹೋಗಿ ನೋಡಿದರೆ ಕಪ್ಪು-ಬಿಳಿ ಪಟ್ಟೆ ಕಾಣುತ್ತದೆ. ಅದು ನೈಸ್, ಹುಟ್ಟಿದ ಮೇಲೆ ಆಳದಲ್ಲಿ ಬೆಂದು, ಹಿಸುಕಿಸಿಕೊಂಡ ಕಲ್ಲು. ಅಂಗಡಿಯಲ್ಲಿ ಅಲೆ ಅಲೆಯಾಗಿ ಬಣ್ಣ ಹರಿದ ‘ಗ್ರಾನೈಟ್’ ಕಂಡರೆ ಅದೂ ಬಹುಪಾಲು ಇದೇ ಜಾತಿ.

ಕೊನೆಗೆ ನಿಮ್ಮನೆಯವರ ಅನುಮಾನ. ಪೂರ್ತಿ ತಪ್ಪಲ್ಲ. ದಪ್ಪ ಹರಳಿನ ಕಲ್ಲು ಬಿಸಿಲು, ಮಳೆ, ಚಳಿಗೆ ನೂರಾರು ವರ್ಷ ಒಡ್ಡಿಕೊಂಡರೆ ಸಣ್ಣ ಹರಳಿನದಕ್ಕಿಂತ ಬೇಗ ಉದುರುತ್ತದೆ, ಯಾಕೆಂದರೆ ಬಿಸಿಗೆ ಒಂದೊಂದು ಖನಿಜ ಒಂದೊಂದು ಅಳತೆಗೆ ಹಿಗ್ಗುತ್ತದೆ, ಸಂದಿ ಸಡಿಲವಾಗುತ್ತದೆ. ಮನೆಯೊಳಗಿನ ಮೆಟ್ಟಿಲಿಗೆ ಆ ಚಿಂತೆ ಬೇಡ. ಹರಳುಗಳು ಪಾಕದಲ್ಲೇ ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಬೆಳೆದಿವೆ, ಸಿಮೆಂಟಿನಲ್ಲಿ ಜಲ್ಲಿ ಕೂರಿಸಿದಂತಲ್ಲ. ಮೆಟ್ಟಿಲಿನ ಮೇಲೆ ಉಗುರು ಆಡಿಸಿದರೆ ಅಲ್ಲಲ್ಲಿ ಸಣ್ಣ ಗುಳಿ ಸಿಗಬಹುದು. ಅದು ಬಿರುಕಲ್ಲ, ಪಾಲಿಶ್ ಮಾಡುವಾಗ ಅಭ್ರಕ ಪದರ ಪದರವಾಗಿ ಕಿತ್ತು ಬಂದ ಜಾಗ. ಕಪ್ಪು ಕಟ್ಟೆಯಲ್ಲಿ ಅಭ್ರಕ ಇಲ್ಲವೆನ್ನುವಷ್ಟು ಕಡಿಮೆ, ಹರಳೂ ಸಣ್ಣ, ಅದಕ್ಕೇ ಅದು ಕನ್ನಡಿಯ ಹಾಗೆ ಹೊಳೆಯುತ್ತದೆ. ಆದರೂ ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರವಾಗಿ ಅದರ ಮೇಲೆ ಇಡಬೇಡಿ. ಒಂದು ಹಲಗೆ ಇರಲಿ. ಮೂರು ಬಟ್ಟಲಿನ ತುಪ್ಪವನ್ನು ಮತ್ತೆ ಡಬ್ಬಿಗೆ ಹಾಕಿಬಿಡಿ, ಏನೂ ಕೆಟ್ಟಿರುವುದಿಲ್ಲ.